ಚೌಕಟ್ಟಿನ ಮೇಲೆ ಯಾವ ಬಟ್ಟೆ? ಗೋವಾದಲ್ಲಿ ಕಟ್ಟಿದ ಕಯಾಕುಗಳ ಹೋಲಿಕೆ

ಮನೆಯಲ್ಲೇ ಕಯಾಕ್, ಅಂದರೆ ಒಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ಉದ್ದನೆ ದೋಣಿ, ಕಟ್ಟಬೇಕು ಅಂತ ಹೊರಟವರು ಮೊದಲು ಕೇಳುವುದು ಮರದ ಬಗ್ಗೆ. ನನ್ನ ಪ್ರಕಾರ ಮರ ಎರಡನೇ ಮಾತು. ಚೌಕಟ್ಟು ಹೇಗೋ ಆಗುತ್ತದೆ. ಅದರ ಮೇಲೆ ಎಳೆದು ಹೊಲಿಯುವ ಬಟ್ಟೆ ಸರಿ ಇಲ್ಲದಿದ್ದರೆ ಮಾಡಿದ ಕೆಲಸವೆಲ್ಲ ಒಂದೇ ಮಳೆಗಾಲಕ್ಕೆ ನೀರುಪಾಲು. ನಾನೂ ಕಾರವಾರದ ಗೆಳೆಯನೊಬ್ಬನೂ ಸೇರಿ ಓಲ್ಡ್ ಗೋವಾದ ಹತ್ತಿರ ಇಂಥ ಎರಡು ದೋಣಿ ಕಟ್ಟಿದ್ದೇವೆ. ದೋಣಿ ಎರಡೇ ಆದರೂ ಹೊದಿಕೆ ನಾಲ್ಕು ಬಗೆ ನೋಡಿದೆವು: ಹತ್ತಿಯ ಕ್ಯಾನ್ವಾಸ್, ನೈಲಾನ್, ಪಾಲಿಯೆಸ್ಟರ್, ಲಾರಿಗೆ ಹೊದಿಸುವ ಪಿವಿಸಿ ತಾಡಪತ್ರಿ. ಹೊಲಿಗೆ ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ಈ ದೋಣಿಗಳಲ್ಲಿ ಸುಲಭ.

ಈ ಜಾತಿಯ ದೋಣಿ ನಮಗೆ ತೀರಾ ಹೊಸದೇನಲ್ಲ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಬೇಟೆಗಾರರು ದಡಕ್ಕೆ ತೇಲಿ ಬಂದ ಮರ ಆಯ್ದು, ಹಗ್ಗದಲ್ಲಿ ಕಟ್ಟಿ, ಮೇಲೆ ಸೀಲ್ ತೊಗಲು ಹೊದಿಸುತ್ತಿದ್ದರು. ನಮ್ಮ ತುಂಗಭದ್ರೆಯ ಹರಿಗೋಲೂ ಅದೇ ಉಪಾಯ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರಯಾಣಿಕ ಡೊಮಿಂಗೊ ಪಾಯಸ್, ಒಳಗೆ ಬೆತ್ತ ಹೊರಗೆ ತೊಗಲು ಇದ್ದ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಈಗ ಹಂಪಿಯಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ತೊಗಲಿನ ಜಾಗಕ್ಕೆ ಏನು ಹಾಕೋದು ಅನ್ನುವುದೇ ನಮ್ಮ ಪ್ರಶ್ನೆಯೂ ಆಗಿತ್ತು.

ಗೋವಾದಲ್ಲಿ ಬಟ್ಟೆಗೆ ಮೂರು ಶತ್ರುಗಳು. ಮೊದಲನೆಯದು ತೇವ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದೂ ಹೆಚ್ಚುಕಮ್ಮಿ ನಾಲ್ಕೇ ತಿಂಗಳಲ್ಲಿ. ಆಮೇಲೆ ಬಿಸಿಲು. ಮೂರನೆಯದನ್ನು ಹೊರಗಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಚಿಪ್ಪು. ಮಾಂಡೋವಿ ನದಿಯಲ್ಲಿ ಇಳಿತದ ಹೊತ್ತಿಗೆ ನೀರು ಕೆಳಗೆ ಹೋದಾಗ ಜಂಬಿಟ್ಟಿಗೆಯ ಗೋಡೆ, ಫೆರಿ ಧಕ್ಕೆಯ ಕಂಬ, ಕಾಂಡ್ಲಾ ಗಿಡದ ಬೇರು ಎಲ್ಲದರ ಮೇಲೂ ಅಂಟಿಕೊಂಡ ಚಿಪ್ಪು ಕಾಣುತ್ತದೆ. ಅಂಚು ಬ್ಲೇಡಿನಷ್ಟೇ ಹರಿತ. ಹಾಗಾಗಿ ದೋಣಿಗೆ ಹೊದಿಸುವ ಮೊದಲು ಒಂದಡಿ ಚೌಕದ ಮರದ ಫ್ರೇಮುಗಳಿಗೆ ನಾಲ್ಕೂ ಬಟ್ಟೆ ಬಿಗಿದೆವು. ಅರ್ಧಕ್ಕೆ ಬಣ್ಣ ಬಳಿದು, ಅರ್ಧ ಹಾಗೇ ಬಿಟ್ಟು, ತಾರಸಿ ಮೇಲೆ ಮಳೆಗೂ ಬಿಸಿಲಿಗೂ ಇಟ್ಟೆವು. ಆಮೇಲೆ ಚಿಪ್ಪಿನ ಗೋಡೆಗೆ ಒತ್ತಿ ಎಳೆದೆವು.

ಕ್ಯಾನ್ವಾಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಹೊಲಿಯಲು ಕೈಗೆ ಹಿತ. ಎಣ್ಣೆ ಬಣ್ಣವನ್ನು ಚೆನ್ನಾಗಿ ಕುಡಿಯುತ್ತದೆ. ಕುಡಿಯುವುದೇ ತೊಂದರೆ ಕೂಡ. ನೇಯ್ಗೆಯ ಸಂದು ತುಂಬುವಷ್ಟು ಬಣ್ಣ ಬಳಿಯುವ ಹೊತ್ತಿಗೆ ಹೊದಿಕೆಯ ತೂಕ ಎಲ್ಲಿಂದೆಲ್ಲಿಗೋ ಹೋಗಿರುತ್ತದೆ. ಜುಲೈನಲ್ಲಿ ಒಳಮೈಗೆ ಕಪ್ಪು ಬೂಷ್ಟು ಬಂತು. ಉಗುರಿನಿಂದ ಕೆರೆದರೆ ನೂಲೇ ಕಿತ್ತು ಬರುತ್ತಿತ್ತು. ಬಳಸಿದ ಮೇಲೆ ಪ್ರತಿ ಸಲ ಒಳಗೂ ಹೊರಗೂ ಒಣಗಿಸಿ ಇಡುವವರಿಗೆ, ಒಣ ಊರಿನವರಿಗೆ ಅದು ಸರಿಹೋದೀತು. ಕೊಂಕಣದ ಮಳೆಗಾಲದಲ್ಲಿ ಚಡ್ಡಿ ಬನಿಯನ್ನೇ ಒಣಗುವುದಿಲ್ಲ, ಇನ್ನು ಹದಿನೇಳು ಅಡಿ ದೋಣಿಯನ್ನು ಎಲ್ಲಿ ಒಣಗಿಸುತ್ತೀರಿ?

ನೈಲಾನ್ ಈ ಕೆಲಸದಲ್ಲಿ ದೊಡ್ಡ ಹೆಸರು. ಅಮೆರಿಕದಲ್ಲಿ ಇಂಥ ದೋಣಿ ಕಟ್ಟುವವರಲ್ಲಿ ಬಹಳ ಮಂದಿ ದಪ್ಪ ನೈಲಾನನ್ನೇ ಹೇಳುತ್ತಾರೆ. ಹರಿತದ ವಿಷಯದಲ್ಲಿ ಅವರ ಮಾತು ಸತ್ಯ. ಚಿಪ್ಪಿನ ಗೋಡೆಯ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಮೊದಲ ಸ್ಥಾನ ಇದಕ್ಕೇ. ನೂಲು ಎಳೆಯಲು ಬರುತ್ತದೆ, ಹಿಗ್ಗುತ್ತದೆ, ಏಟನ್ನು ನುಂಗುತ್ತದೆ. ಮೇಲೆ ಬಳಿದ ಲೇಪ ಗೀಚಿದರೂ ಬಟ್ಟೆ ಹರಿಯಲಿಲ್ಲ. ನನ್ನ ದೋಣಿಗೆ ಮೊದಲು ಹಾಕಿದ್ದೂ ಅದನ್ನೇ. ನೈಲಾನನ್ನು ಒದ್ದೆ ಮಾಡಿ ಎಳೆದು ಹೊಲಿದರೆ ಒಣಗಿದ ಮೇಲೆ ಬಿಗಿಯಾಗುತ್ತದೆ. ಫೆಬ್ರುವರಿಯಲ್ಲಿ ಬೆರಳಲ್ಲಿ ಬಡಿದರೆ ಟಣ್ ಅನ್ನುತ್ತಿತ್ತು.

ಆ ಟಣ್ ಜೂನ್ ತನಕ. ನೈಲಾನ್ ನೀರು ಹೀರುತ್ತದೆ. ಸಾಧಾರಣ ಗಾಳಿಯಲ್ಲೇ ತನ್ನ ತೂಕದ ಸುಮಾರು 4%ರಷ್ಟು ತೇವ ಹಿಡಿದುಕೊಂಡಿರುತ್ತದೆ, ಪೂರ್ತಿ ನೆನೆದರೆ ಅದರ ಎರಡು ಪಟ್ಟು. ತೇವ ಹಿಡಿದ ನೂಲು ಉದ್ದವಾಗುತ್ತದೆ. ಮಳೆ ಹಿಡಿದ ಮೇಲೆ ಹೊದಿಕೆ ಹಳೇ ಮಂಚದ ನವಾರಿನ ಹಾಗೆ ಸಡಿಲವಾಯಿತು. ತಳದಲ್ಲಿ ರೀಪಿಗೂ ರೀಪಿಗೂ ನಡುವೆ ಬಟ್ಟೆ ಒಳಗೆ ತಗ್ಗಿ, ಹುಟ್ಟು ಹಾಕಿದಾಗಲೆಲ್ಲ ಪಟಪಟ ಹೊಡೆದುಕೊಳ್ಳುತ್ತಿತ್ತು. ದಿವಾಡಿ ದ್ವೀಪದ ಕಡೆ ಹೋಗುವ ಫೆರಿಯ ಅಲೆಗೆ ಅಡ್ಡ ನಿಂತರೆ ಹೊದಿಕೆ ಉಬ್ಬಿ ಇಳಿಯುವುದು ತೊಡೆಗೇ ಗೊತ್ತಾಗುತ್ತಿತ್ತು. ದೋಣಿ ಮುಳುಗುವುದಿಲ್ಲ, ಸೋರುವುದೂ ಇಲ್ಲ. ವೇಗ ಮಾತ್ರ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಲೇಪ ಬಳಿದಿದ್ದರೂ ಒಳಮೈ ತೆರೆದೇ ಇರುತ್ತದಲ್ವಾ, ತೇವ ಅಲ್ಲಿಂದ ಸೇರುತ್ತದೆ. ಚಳಿಯ ಒಣ ಊರಿನವರು ಕೊಡುವ ಸಲಹೆಯನ್ನು ಕೊಂಕಣಕ್ಕೆ ತರುವಾಗ ಇದೊಂದನ್ನು ಲೆಕ್ಕ ಹಾಕಬೇಕು.

ಪಾಲಿಯೆಸ್ಟರ್ ಹೀರುವ ತೇವ 0.4%ರ ಆಸುಪಾಸು, ಅಂದರೆ ನೈಲಾನಿನ ಹತ್ತನೇ ಒಂದು ಪಾಲು. ನನಗೆ ಬೇಕಾಗಿದ್ದದ್ದು ಇದೇ. ಹೊಲಿಯುವಾಗ ಕೈ ಸೋತು ಅಲ್ಲಲ್ಲಿ ಸುಕ್ಕು ಉಳಿದರೂ ಚಿಂತೆಯಿಲ್ಲ. ಇಸ್ತ್ರಿ ಪೆಟ್ಟಿಗೆ ಹಿಡಿದು ನಿಧಾನಕ್ಕೆ ಆಡಿಸಿದರೆ ಬಟ್ಟೆ ಕಣ್ಣೆದುರೇ ಕುಗ್ಗುತ್ತದೆ. ದೋಣಿಯ ಮೂಗಿನ ತುದಿಯಲ್ಲಿ ಎರಡು ಬೆರಳಗಲ ಸುಕ್ಕು ಎದ್ದಿತ್ತು. ಇಸ್ತ್ರಿಯನ್ನು ಒಂದೇ ಕಡೆ ಒತ್ತದೆ, ಹೊರಗಿನಿಂದ ಸುಕ್ಕಿನ ನಡುವಿನ ಕಡೆಗೆ ತಂದೆ. ಸುಕ್ಕು ಮೊದಲು ನಾಲ್ಕು ಸಣ್ಣ ಗೆರೆಯಾಯಿತು, ಆಮೇಲೆ ಹೋಯಿತು. ಬಿಸಿ ಕಡಿಮೆಯಲ್ಲಿ ಶುರು ಮಾಡಿ ಏರಿಸುತ್ತಾ ಹೋಗಬೇಕು. ಹೊಲಿಗೆಯ ಮೇಲೆ ಮಾತ್ರ ಇಸ್ತ್ರಿ ಓಡಿಸಬೇಡಿ. ಬಿಗಿಯುವ ಬಟ್ಟೆ ದಾರವನ್ನು ಎಳೆದು ತೂತುಗಳನ್ನು ದೊಡ್ಡದು ಮಾಡುತ್ತದೆ.

ಕಷ್ಟ ಇರುವುದು ಸರಿಯಾದ ಪಾಲಿಯೆಸ್ಟರ್ ಹುಡುಕುವುದರಲ್ಲಿ. ಅಂಗಡಿಯವರಿಗೆ ದಪ್ಪ ಬಟ್ಟೆಯೆಲ್ಲ ‘ನೈಲಾನ್’. ಬ್ಯಾಗ್ ಹೊಲಿಯುವವರ ಬಟ್ಟೆಗೆ ಹಿಂದುಗಡೆ ಪಿವಿಸಿಯೋ ಪಿಯುವೋ (ಪಾಲಿಯುರೆಥೇನ್) ಬಳಿದಿರುತ್ತದೆ. ಅದು ಬೇಡ, ಲೇಪ ನೂಲಿನೊಳಗೆ ಇಳಿಯುವುದಿಲ್ಲ. ಏನೂ ಬಳಿಯದ ಕೋರಾ ಬಟ್ಟೆಯೇ ಬೇಕು. ನಾವು ಮುಂಬೈಯಿಂದ ತರಿಸಿದೆವು. ಮೊದಲು ತುಂಡು ಕೇಳಿ ತರಿಸಿ ಎರಡು ಪರೀಕ್ಷೆ ಮಾಡಿ. ಒಂದು ನೂಲಿಗೆ ಬೆಂಕಿ ತೋರಿಸಿ: ಪಾಲಿಯೆಸ್ಟರ್ ಆದರೆ ಕಪ್ಪು ಹೊಗೆ, ನೈಲಾನ್ ಆದರೆ ಬೆಳ್ಳಗಿನ ಹೊಗೆ. ಆಮೇಲೆ ತುಂಡಿನ ಮೇಲೆ 10 ಸೆಂ.ಮೀ. ಗೆರೆ ಎಳೆದು ಇಸ್ತ್ರಿ ಮಾಡಿ ಅಳೆಯಿರಿ. ಗಿರಣಿಯಲ್ಲೇ ಬಿಸಿ ಕೊಟ್ಟು ಕುಗ್ಗಿಸಿದ ಬಟ್ಟೆಯಾದರೆ ಗೆರೆ ಅಲ್ಲಾಡುವುದಿಲ್ಲ, ಅಂಥದ್ದು ನಮಗೆ ಉಪಯೋಗವಿಲ್ಲ. ಚಿಪ್ಪಿಗೆ ಪಾಲಿಯೆಸ್ಟರ್ ನೈಲಾನಿನಷ್ಟು ತಡೆಯುವುದಿಲ್ಲ, ಇದು ನಿಜ. ಗೋಡೆಗೆ ಎಳೆದಾಗ ಒಂದೆರಡು ಕಡೆ ಎಳೆ ತುಂಡಾಯಿತು. ತಳಪಟ್ಟಿಯ ಉದ್ದಕ್ಕೂ ಹೊರಗಡೆ ಅದೇ ಬಟ್ಟೆಯ ಇನ್ನೊಂದು ಪಟ್ಟಿ ಅಂಟಿಸಿ ಅದನ್ನು ಸರಿದೂಗಿಸಿದೆವು. ಈಗ ನನ್ನ ದೋಣಿಯ ಮೇಲಿರುವುದು ಇದೇ, ಬದಲಿಸುವ ಯೋಚನೆಯೂ ಇಲ್ಲ.

ಗೆಳೆಯ ಒಪ್ಪಲಿಲ್ಲ. ಅವನು ಕ್ಯಾನ್ವಾಸ್ ಕಿತ್ತು ತಾಡಪತ್ರಿ ಹಾಕಿದ. ಲಾರಿಯವರು ಬಳಸುವ ದಪ್ಪ ಪಿವಿಸಿ, ಚದರ ಮೀಟರಿಗೆ ಸುಮಾರು 650 ಗ್ರಾಂ. “ಲೇಪ ಬೇಡ, ಒಣಗಿಸೋದು ಬೇಡ, ಚಿಪ್ಪು ತಾಗಿದ್ರೆ ತೇಪೆ ಹಾಕಿದ್ರಾಯ್ತು, ನಿಂದು ಮದುಮಗಳ ಸೀರೆ ಮಾರಾಯ” ಅಂತ ಅವನ ವಾದ. ವಾದದಲ್ಲಿ ಹುರುಳಿದೆ. ಒಂದು ವಾರಾಂತ್ಯದಲ್ಲಿ ಹೊದಿಸಿ ಮುಗಿಸಿದ. ತೇಪೆಗೆ ಪಿವಿಸಿ ಅಂಟು ಸಾಕು. ಆದರೆ ತಾಡಪತ್ರಿ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ದೋಣಿಯ ಮೈ ಎರಡು ದಿಕ್ಕಿಗೂ ಬಾಗುವ ಕಡೆ, ಅಂದರೆ ಮೂಗು ಬಾಲ ಎರಡೂ ಕಡೆ, ಕತ್ತರಿಸಿ ಒಂದರ ಮೇಲೊಂದು ಮಡಚಿ ಅಂಟಿಸಲೇಬೇಕು. ಆ ಮಡಿಕೆಗಳಲ್ಲಿ ನೀರು ತಡೆಯುತ್ತದೆ. ನೋಡಲು ಚಂದವೂ ಇಲ್ಲ, ಬಿಡಿ. ಮೊದಲ ಸಲ ಕಟ್ಟುವವರಿಗೆ ನಾನು ತಾಡಪತ್ರಿಯನ್ನೇ ಹೇಳುತ್ತೇನೆ. ಖರ್ಚು ಅರ್ಧಕ್ಕಿಂತ ಕಡಿಮೆ. ಚೌಕಟ್ಟು ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಆಮೇಲೆ ಒಳ್ಳೆಯ ಬಟ್ಟೆ ಹಾಕಬಹುದು.

ಲೇಪದ ವಿಷಯ ಚಿಕ್ಕದು, ಆದರೆ ಋತು ನೋಡಬೇಕು. ನೈಲಾನಿನ ಮೇಲೆ ಎಣ್ಣೆ ಬಣ್ಣ ಬಿರುಕು ಬಿಟ್ಟಿತು, ಬಟ್ಟೆ ಹಿಗ್ಗುತ್ತದೆ, ಬಣ್ಣ ಹಿಗ್ಗುವುದಿಲ್ಲ. ಪಾಲಿಯೆಸ್ಟರಿಗೂ ನೈಲಾನಿಗೂ ಎರಡು ಡಬ್ಬಿ ಬೆರೆಸಿ ಬಳಿಯುವ ಪಿಯು ಒಳ್ಳೆಯದು. ಪೀಠೋಪಕರಣಕ್ಕೆ ಹಚ್ಚುವಂಥದ್ದು, ಬಣ್ಣದಂಗಡಿಯಲ್ಲಿ ಸಿಗುತ್ತದೆ. ಆದಷ್ಟು ಮೆತ್ತಗೆ ಉಳಿಯುವ, ಬಿಸಿಲಿಗೆ ಹಳದಿಯಾಗದ ಬಗೆ ಕೇಳಿ. ಅದರ ಗಟ್ಟಿಕಾರಕ ಗಾಳಿಯ ತೇವದ ಜೊತೆ ಸೇರಿದರೆ ಗುಳ್ಳೆ ಏಳುತ್ತದೆ. ಅದಕ್ಕೇ ಡಿಸೆಂಬರಿನಿಂದ ಫೆಬ್ರುವರಿ ಒಳಗೆ, ಬಿಸಿಲೇರಿದ ಮೇಲೆ ಬಳಿಯಿರಿ. ಆ ಹೊಗೆ ಎದೆಗೆ ಒಳ್ಳೆಯದಲ್ಲ. ಬಾಗಿಲು ಕಿಟಕಿ ತೆರೆದಿಟ್ಟು, ರಾಸಾಯನಿಕಕ್ಕೆ ತಕ್ಕ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ. ಬಟ್ಟೆಯ ಮಾಸ್ಕ್ ಸಾಲದು.

ಈಗ ಮರ. ಉದ್ದನೆಯ ರೀಪುಗಳಿಗೆ ನಾವು ನೋಡಿದ್ದು ತೇಗ ಮತ್ತು ಪೈನ್. ಪಶ್ಚಿಮದವರು ಬಳಸುವ ಸೀಡರ್ ಮರ ತೀರಾ ಹಗುರ. ನಮ್ಮ ತೇಗ ಅದರ ಒಂದೂವರೆ ಪಟ್ಟಿಗೂ ಜಾಸ್ತಿ ತೂಗುತ್ತದೆ. ಕೊಳೆಯುವುದಿಲ್ಲ ನಿಜ, ಆದರೆ ದೋಣಿಯನ್ನು ಹೆಗಲ ಮೇಲೆ ಹೊತ್ತು ಧಕ್ಕೆಗೆ ಇಳಿಯುವವರು ನಾವೇ ಅಲ್ವಾ? ಪೈನಿಗೆ ನನ್ನ ಮತ. ವೆರ್ಣಾದ ಕೈಗಾರಿಕಾ ಪ್ರದೇಶದ ಕಡೆ ಯಂತ್ರ ಬರುವ ಪೆಟ್ಟಿಗೆಗಳ ಪೈನ್ ಗುಜರಿಯಲ್ಲಿ ಸಿಗುತ್ತದೆ. ಉದ್ದ ಸಾಲದು, ಹಾಗಾಗಿ ತುದಿಗಳನ್ನು ಓರೆಯಾಗಿ ಕೆತ್ತಿ ಎಪಾಕ್ಸಿ ಅಂಟಿನಲ್ಲಿ ಕೂಡಿಸಬೇಕು. ರೀಪಿನ ದಪ್ಪಕ್ಕೆ ಎಂಟು ಪಟ್ಟು ಉದ್ದದ ಓರೆ ಇದ್ದರೆ ಜೋಡಣೆ ಬಿಡುವುದಿಲ್ಲ.

ಪಕ್ಕೆಲುಬಿನ ಪಟ್ಟಿಗಳಿಗೆ ಗೆಳೆಯ 12 ಮಿ.ಮೀ. ಮರೈನ್ ಪ್ಲೈ ಕತ್ತರಿಸಿ ನಿಲ್ಲಿಸಿದ, ನಾನು ಬಿದಿರು ಸೀಳಿ ಬಾಗಿಸಿದೆ. ಪ್ಲೈ ಬೇಗ ಆಗುತ್ತದೆ, ಆಕಾರ ತಪ್ಪುವುದಿಲ್ಲ. ಒಂದೇ ಎಚ್ಚರಿಕೆ, ರೀಪುಗಳ ನಡುವೆ ಪ್ಲೈಯ ಅಂಚನ್ನು ಒಳಕ್ಕೆ ತಗ್ಗಿಸಿ ಕತ್ತರಿಸಿ. ಬಟ್ಟೆ ರೀಪಿಗೆ ಮಾತ್ರ ತಾಗಬೇಕು, ಪ್ಲೈಗೆ ತಾಗಿದರೆ ಅಲ್ಲೇ ಸವೆಯುತ್ತದೆ. ಬಿದಿರಿನ ಚೌಕಟ್ಟು ಹಗುರ, ಅಲೆಗೆ ತಾನೂ ಸ್ವಲ್ಪ ಬಾಗುತ್ತದೆ. ಆದರೆ ಗೆಣ್ಣು ಬಂದ ಕಡೆ ಬಾಗು ಒಡ್ಡೊಡ್ಡಾಗುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿಡದಿದ್ದರೆ ಕುಟ್ಟೆ ಹುಳ ಪುಡಿ ಮಾಡಿಬಿಡುತ್ತದೆ. ಕುರ್ಚಿ ಹೆಣೆಯುವವರ ಹತ್ತಿರ ಬೆತ್ತ ತಂದೂ ನೋಡಿದೆ. ಬಿಸಿ ನೀರಿಗೆ ಹೇಳಿದಂತೆ ಬಾಗಿತು, ಆದರೆ ಬಿಗಿ ಸಾಲದು. ಕೂರುವ ಬಾಯಿಯ ಸುತ್ತಿನ ಬಳೆಗೆ ಮಾತ್ರ ಬೆತ್ತ ಚೆನ್ನಾಗಿದೆ.

ಫೋಂಡಾದಲ್ಲಿ ರೀಪು ಸೀಳಿಕೊಟ್ಟ ವಿಜಾಪುರ ಕಡೆಯ ಮೇಸ್ತ್ರಿ ಚೌಕಟ್ಟು ನೋಡಿ, “ಅಣ್ಣಾರ, ಮೊಳಿ ಹೊಡೀದ ಇದು ನಿಲ್ತೈತೇನ್ರಿ?” ಅಂದರು. ನಿಲ್ಲುತ್ತದೆ, ದಾರ ಸರಿ ಇದ್ದರೆ. ಬಲೆಯ ಅಂಗಡಿಯಲ್ಲಿ ಸಿಗುವ ಹಸಿರು ಪ್ಲಾಸ್ಟಿಕ್ ಹುರಿ ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ನೈಲಾನ್ ಹುರಿ ನೆನೆದರೆ ಸಡಿಲ. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರವೇ ಸರಿ, ಸಿಗದಿದ್ದರೆ ಸಾದಾ ದಾರಕ್ಕೆ ಮೇಣದಬತ್ತಿ ಉಜ್ಜಿಕೊಳ್ಳಿ. ಹೊದಿಕೆ ಹೊಲಿಯಲು ಗೋಣಿಚೀಲದ ದಬ್ಬಣ ದಪ್ಪವಾಯಿತು, ತೂತು ದೊಡ್ಡದಾಗಿ ನೀರು ಜಿನುಗುತ್ತದೆ. ಸೋಫಾ ಹೊಲಿಯುವವರ ಬಾಗಿದ ಸೂಜಿ ತನ್ನಿ.

ಇನ್ನೊಂದು ಮಾತು. ಈ ದೋಣಿಗಳ ಒಳಗೆ ಅಡ್ಡಗೋಡೆ ಇರುವುದಿಲ್ಲ. ಮಗುಚಿದರೆ ಮೂಗಿನಿಂದ ಬಾಲದ ತನಕ ನೀರು ತುಂಬುತ್ತದೆ, ಒಬ್ಬರೇ ಖಾಲಿ ಮಾಡಲು ಆಗುವುದಿಲ್ಲ. ಬಟ್ಟೆ ಯಾವುದೇ ಇರಲಿ, ಮುಂದೆ ಒಂದು ಹಿಂದೆ ಒಂದು ಗಾಳಿ ಚೀಲ ತುರುಕಿ ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಿರಿ. ಮಳೆಗಾಲದ ಸೆಳೆತದಲ್ಲಿ ನಾವು ದಡ ಬಿಟ್ಟು ದೂರ ಹೋಗುವುದಿಲ್ಲ. ಕುಂಬಾರ್ಜುವಾ ಕಾಲುವೆಗೆ ಯಾವ ಕಾಲದಲ್ಲೂ ಇಳಿಯುವುದಿಲ್ಲ, ಅಲ್ಲಿ ಮೊಸಳೆಗಳಿವೆ. ಚೀಲದ ಬದಲು ಬೈಕಿನ ಟ್ಯೂಬೂ ನಡೆಯುತ್ತದೆ, ಆದರೆ ದೋಣಿಯನ್ನು ಬಿಸಿಲಲ್ಲಿ ಬಿಡುವಾಗ ಅದರ ಗಾಳಿ ಸ್ವಲ್ಪ ಬಿಟ್ಟುಬಿಡಿ. ಇಲ್ಲದಿದ್ದರೆ ಒಳಗಿಂದೊಳಗೇ ಉಬ್ಬಿ ಹೊಲಿಗೆಯನ್ನು ಒತ್ತುತ್ತದೆ.