ಗೊರಕೆ ಅಂತ ಬಿಟ್ಬಿಡ್ಬೇಡಿ: ಸೀಪ್ಯಾಪ್ ಮೆಷೀನ್ ಬಳಸಿದವನ ರಿವ್ಯೂ

ತೂಕ ಜಾಸ್ತಿ ಆದ್ರೆ ಶುಗರ್ ಬರತ್ತೆ, ಬಿಪಿ ಬರತ್ತೆ, ಮಂಡಿ ನೋವು ಬರತ್ತೆ ಅಂತ ಎಲ್ರೂ ಹೇಳ್ತಾರೆ, ನಿದ್ದೇಲಿ ಉಸಿರೇ ನಿಂತು ನಿಂತು ಹೋಗಬಹುದು ಅಂತ ಹೇಳೋರು ತುಂಬಾ ಕಮ್ಮಿ. ಇದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ. ಕತ್ತಿನ ಸುತ್ತ, ನಾಲಿಗೆ ಒಳಗೂ ಕೊಬ್ಬು ಸೇರ್ಕೊಂಡಿರತ್ತೆ, ಮಲಗಿದಾಗ ಗಂಟಲಿನ ಸ್ನಾಯು ಸಡಿಲ ಆಗಿ ಉಸಿರಿನ ದಾರಿ ಮುಚ್ಕೊಳ್ಳತ್ತೆ, ಆಕ್ಸಿಜನ್ ಇಳಿಯತ್ತೆ, ಮೆದುಳು ತಟ್ಟಿ ಎಬ್ಬಿಸತ್ತೆ, ಮತ್ತೆ ನಿದ್ದೆ, ಮತ್ತೆ ಅದೇ. ಬೆಳಿಗ್ಗೆ ನಮಗೆ ಒಂದೂ ನೆನಪಿರಲ್ಲ. ನನ್ನ ಗೊರಕೆ ಮಧ್ಯೆ ಸದ್ದೇ ನಿಂತುಹೋಗಿ ಆಮೇಲೆ ಏದುಸಿರು ಬಿಡೋದನ್ನ ಗಮನಿಸಿದ್ದು ನನ್ನ ಹೆಂಡ್ತಿ, ಡಾಕ್ಟ್ರ ಹತ್ರ ಎಳ್ಕೊಂಡು ಹೋಗಿದ್ದೂ ಅವಳೇ.

ಸ್ಲೀಪ್ ಸ್ಟಡಿ, ಅಂದ್ರೆ ನಿದ್ದೇಲಿ ಉಸಿರಾಟ ಹೇಗಿದೆ ಅಂತ ಅಳೆಯೋ ಟೆಸ್ಟ್, ಮಾಡಿಸಿದ್ವಿ. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಲ್ಲತ್ತೆ ಅಥವಾ ತೀರಾ ಕಮ್ಮಿ ಆಗತ್ತೆ ಅನ್ನೋದನ್ನ ಲೆಕ್ಕ ಹಾಕ್ತಾರೆ, ಅದೇ ಎಎಚ್ಐ. 5ರ ಒಳಗಿದ್ರೆ ನಾರ್ಮಲ್, 30 ಅಥವಾ ಅದಕ್ಕಿಂತ ಹೆಚ್ಚಿದ್ರೆ ಸಿವಿಯರ್. ನಂದು ಸಿವಿಯರ್ ಬಂತು, ಆಟೋ ಸೀಪ್ಯಾಪ್ ಬರ್ಕೊಟ್ರು.

ಮೆಷೀನ್ ಮಾಡೋ ಕೆಲಸ ಸಿಂಪಲ್. ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕಳಿಸ್ತಾ ಇರತ್ತೆ, ಆ ಒತ್ತಡಕ್ಕೆ ಗಂಟಲು ಮುಚ್ಕೊಳ್ಳಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಅವರ ಜೊತೆಯವರು 1981ರಲ್ಲಿ ಈ ಚಿಕಿತ್ಸೆ ಬಗ್ಗೆ ಪ್ರಕಟಿಸಿದ್ರು, ಮೂಲ ಐಡಿಯಾ ಇವತ್ತಿಗೂ ಅದೇ. ಆಟೋ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಒತ್ತಡ 4ರಿಂದ 20ರ ತನಕ ಇರತ್ತೆ (ಇದರ ಅಳತೆ ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ), ಅದರೊಳಗೆ ಡಾಕ್ಟ್ರು ನಮಗೊಂದು ರೇಂಜ್ ಸೆಟ್ ಮಾಡ್ತಾರೆ, ಎಷ್ಟು ಬೇಕೋ ಅಷ್ಟು ಮೆಷೀನೇ ಏರಿಸಿ ಇಳಿಸಿ ಮಾಡ್ಕೊಳ್ಳತ್ತೆ. ಸದ್ದು ಅಷ್ಟೇನಿಲ್ಲ, ಪಕ್ಕದಲ್ಲಿ ಮಲಗೋರಿಗೆ ಗೊರಕೆಗಿಂತ ಎಷ್ಟೋ ವಾಸಿ.

ಮೆಷೀನ್‌ಗೆ ಐದಕ್ಕೆ ಐದು ಕೊಡ್ತೀನಿ, ಜೊತೆಗೆ ಕೊಟ್ಟ ಮಾಸ್ಕ್‌ಗೆ ಎರಡೂ ಜಾಸ್ತಿ. ಮಾರಿದವರು ಮುಖದ ಅಳತೆ ಕೂಡ ತಗೊಳ್ದೆ ಮೂಗು ಬಾಯಿ ಎರಡೂ ಮುಚ್ಚೋ ಒಂದು ಫುಲ್ ಫೇಸ್ ಮಾಸ್ಕ್ ಕೊಟ್ಟು ಕಳಿಸಿದ್ರು, ರಾತ್ರಿಯೆಲ್ಲಾ ಗಾಳಿ ಲೀಕ್ ಆಗಿ ಕಣ್ಣಿಗೆ ಹೊಡೀತಿತ್ತು, ಮೂಗಿನ ಮೇಲೆ ಕೆಂಪು ಗೆರೆ ಬೇರೆ. ಇದನ್ನ ಬೇಜಾರಿಂದ್ಲೇ ಬರೀತಿದೀನಿ, ಯಾಕಂದ್ರೆ ಎಷ್ಟೋ ಜನ ಮಾಸ್ಕ್ ಕಾಟಕ್ಕೇ ಮೆಷೀನ್‌ನ ಬೀರು ಒಳಗೆ ಇಟ್ಬಿಡ್ತಾರೆ. ಬಾಯಿ ಮುಚ್ಕೊಂಡು ಮಲಗೋರಿಗೆ ಮೂಗಿಗೆ ಮಾತ್ರ ಹಾಕೋ ಮಾಸ್ಕ್ ಸಾಕು, ನಂಗೆ ಅದೇ ಸರಿಹೋಯ್ತು. ಇನ್ನೊಂದು, ಕೂತ್ಕೊಂಡು ಪಟ್ಟಿ ಬಿಗಿ ಮಾಡ್ಬೇಡಿ. ಮೆಷೀನ್ ಆನ್ ಮಾಡಿ, ಮಲಗಿ, ಸಿಲಿಕೋನ್ ಅಂಚನ್ನ ಮುಖದಿಂದ ಸ್ವಲ್ಪ ಎತ್ತಿ ಬಿಡಿ, ಗಾಳಿ ತುಂಬ್ಕೊಂಡು ತಾನಾಗೇ ಕೂರತ್ತೆ, ಆಮೇಲೆ ಎರಡೂ ಕಡೆ ಸಮವಾಗಿ ಪಟ್ಟಿ ಎಳೀರಿ. ತೀರಾ ಬಿಗಿ ಮಾಡಿದ್ರೆ ಆ ಅಂಚು ಮಡಚ್ಕೊಂಡು ಲೀಕ್ ಇನ್ನೂ ಜಾಸ್ತಿ ಆಗತ್ತೆ.

ಗಂಟಲು ಒಣಗಿದ್ರೆ ಗಾಳಿಗೆ ತೇವ ಸೇರಿಸೋ ಹ್ಯುಮಿಡಿಫೈಯರ್ ಇದೆ, ಡಿಸ್ಟಿಲ್ಡ್ ವಾಟರ್ ಹಾಕಿ, ದಿನಾ ಚೆಲ್ಲಿ ತೊಳೀರಿ.

ಗೊರಕೆ ನಿಂತಿದ್ದು ಮೊದಲ ರಾತ್ರೀನೇ, ಆದ್ರೆ ನನ್ನ ಪಾಲಿಗೆ ದೊಡ್ಡ ಬದಲಾವಣೆ ಬೇರೇನೇ. ಬೆಳಿಗ್ಗೆ ಎದ್ದ ತಕ್ಷಣ ಇರ್ತಿದ್ದ ತಲೆನೋವು ಹೋಯ್ತು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳೋದು ನಿಂತೇಹೋಯ್ತು ಅನ್ನಬಹುದು. ಇದೇನು ಸಂಬಂಧ ಅಂತ ಕೇಳಿದ್ದಕ್ಕೆ ಡಾಕ್ಟ್ರು ಬಿಡಿಸಿ ಹೇಳಿದ್ರು: ಮುಚ್ಚಿದ ಗಂಟಲಿನ ವಿರುದ್ಧ ಉಸಿರು ಎಳೆಯೋವಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯ ಹಿಗ್ಗತ್ತೆ, ಮೈಯಲ್ಲಿ ನೀರು ಜಾಸ್ತಿ ಆಗಿದೆ ಅಂದ್ಕೊಂಡು ಅದು ಮೂತ್ರ ಹೆಚ್ಚಿಸೋ ಹಾರ್ಮೋನ್ ಬಿಡತ್ತೆ ಅಂತ. ರಾತ್ರಿ ಏಳೋದಕ್ಕೆ ಶುಗರ್, ಪ್ರಾಸ್ಟೇಟ್ ಟೆಸ್ಟ್ ಎಲ್ಲಾ ಮಾಡಿಸಿ ಏನೂ ಸಿಗದೇ ಇರೋರು, ಮೂರು ಮಾತ್ರೆ ತಗೊಂಡ್ರೂ ಬಿಪಿ ಇಳೀದೇ ಇರೋರು, ಡ್ರೈವಿಂಗ್ ಮಾಡ್ತಾ ತೂಕಡಿಸೋರು ದಯವಿಟ್ಟು ಇದನ್ನೂ ಡಾಕ್ಟ್ರ ಹತ್ರ ಕೇಳಿ.

ಆದ್ರೆ ಇದು ಕಾಯಿಲೆ ವಾಸಿ ಮಾಡಲ್ಲ, ಹಾಕ್ಕೊಂಡಷ್ಟು ಹೊತ್ತು ಮಾತ್ರ ಕೆಲಸ. ತೂಕದ ಕಡೆಗೂ ನೋಡ್ಲೇಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೂಕ ಶೇ 10ರಷ್ಟು ಇಳಿದ್ರೆ ಎಎಚ್ಐ ಶೇ 26ರಷ್ಟು ಇಳಿಯುತ್ತೆ ಅಂತ ಅಂದಾಜು ಮಾಡಿದ್ರು. ನಿದ್ದೆ ಸರಿಯಾದ್ಮೇಲೆ ವಾಕಿಂಗ್ ಹೋಗೋಕೆ ಮೈಯಲ್ಲಿ ಶಕ್ತಿ ಇದೆ, ಮುಂಚೆ ಆ ಮಾತೇ ಇರ್ಲಿಲ್ಲ.

ತಗೊಳ್ಳೋರು ಟೆಸ್ಟ್ ಇಲ್ದೆ ಆನ್‌ಲೈನ್‌ನಲ್ಲಿ ತರಿಸ್ಕೋಬೇಡಿ. ತೂಕ ತುಂಬಾ ಜಾಸ್ತಿ ಇರೋ ಕೆಲವರಿಗೆ ಹಗಲಲ್ಲೂ ಉಸಿರಾಟ ಸಾಲದೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿರತ್ತೆ, ಅಂಥವರಲ್ಲಿ ಕೆಲವರಿಗೆ ಸೀಪ್ಯಾಪ್ ಸಾಲಲ್ಲ, ಉಸಿರು ಎಳೆಯೋವಾಗ ಹೆಚ್ಚು, ಬಿಡೋವಾಗ ಕಮ್ಮಿ ಒತ್ತಡ ಕೊಡೋ ಬೈಪ್ಯಾಪ್ ಮೆಷೀನ್ ಬೇಕಾಗತ್ತೆ. ಸೆಕೆಂಡ್ ಹ್ಯಾಂಡ್ ಆದ್ರೆ ಸೀರಿಯಲ್ ನಂಬರ್ ಹಾಕಿ ರೀಕಾಲ್ ಆಗಿದೆಯಾ ಅಂತ ನೋಡಿ, 2021ರಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗಬಹುದು ಅಂತ ಲಕ್ಷಾಂತರ ಮೆಷೀನ್ ವಾಪಸ್ ಕರೆಸ್ಕೊಂಡಿತ್ತು. ಮಾಸ್ಕ್ ಮಾತ್ರ ಹೊಸದೇ ತಗೊಳ್ಳಿ, ಸೈಜ್ ಸರಿಹೋಗದಿದ್ರೆ ಬದಲಾಯಿಸಿ ಕೊಡ್ತೀರಾ ಅಂತ ಮೊದಲೇ ಕೇಳಿ ಬಿಲ್ ಮೇಲೆ ಬರೆಸ್ಕೊಳ್ಳಿ.