ಕೊಡೈಕೆನಾಲ್ ಸುರಂಗದಲ್ಲಿ 34 ಸೆಂಟಿಮೀಟರ್ ಸೂರ್ಯ

ನಂಜನಗೂಡಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಅಂತ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಆದ್ದರಿಂದ ಕೊಡೈಕೆನಾಲ್ ಸೌರ ವೀಕ್ಷಣಾಲಯದ ಬಗ್ಗೆ ನಾನು ಬರೆದರೆ ಲೆನ್ಸಿನ ಮಾತೇ ಜಾಸ್ತಿ ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ಪರಿಚಯದ ಹೈಸ್ಕೂಲ್ ಮೇಷ್ಟ್ರೊಬ್ಬರು ಮಕ್ಕಳ ಪ್ರವಾಸಕ್ಕೆ ಫೋಟೋ ತೆಗೆಯಲು ಕರೆದಿದ್ದರು. ಚಾಮರಾಜನಗರ, ಸತ್ಯಮಂಗಲ ದಾಟಿ ಪಳನಿ ಕಡೆಯಿಂದ ಘಟ್ಟ ಹತ್ತಿದೆವು. ದಾರಿಯಲ್ಲಿ ಎಷ್ಟು ನಿಂಬೆಹಣ್ಣು ಖರ್ಚಾಯಿತು ಅನ್ನುವುದು ಬೇಡ ಬಿಡಿ. ಮೊದಲ ದಿನ ಪೂರ್ತಿ ಮಂಜು. ಸೂರ್ಯನನ್ನು ನೋಡಲು ಬಂದವರು ಎದುರಿಗಿದ್ದ ಬಸ್ಸನ್ನೂ ಕಾಣದೆ ರೂಮಿಗೆ ವಾಪಸಾದೆವು. ನಮ್ಮ ಬಸ್ ಡ್ರೈವರ್‌ಗಂತೂ ಇದೊಂದು 'ಹತ್ತು ನಿಮಿಷದ ಪಾಯಿಂಟ್' ಅಷ್ಟೆ. ಮರುದಿನ ಬೆಳಿಗ್ಗೆಯೂ ಹಾರ್ನ್ ಹೊಡೆಯುತ್ತಲೇ ಇದ್ದ. ಆದರೆ ಅವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಈ ಜಾಗ 2,343 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ನಾನೂರು ಮೀಟರ್ ಮೇಲೆ.

ಮೇಷ್ಟ್ರು ಮೊದಲೇ ಕಾಗದ ಬರೆದು ಅನುಮತಿ ತೆಗೆದುಕೊಂಡಿದ್ದರು. ಹಾಗಾಗಿ ಸುರಂಗದ ಟೆಲಿಸ್ಕೋಪನ್ನೂ ತೋರಿಸಿದರು. ಅದನ್ನು ನೋಡುವವರೆಗೆ ಟೆಲಿಸ್ಕೋಪ್ ಅಂದರೆ ಒಂದು ಕೊಳವೆ, ಅದರ ಹಿಂದೆ ಒಂದು ಕಣ್ಣು ಅಂದುಕೊಂಡಿದ್ದೆ. ಇಲ್ಲಿ ಕೊಳವೆಯೇ ಇಲ್ಲ. 11 ಮೀಟರ್ ಎತ್ತರದ ಗೋಪುರದ ತುದಿಯಲ್ಲಿ ಎರಡು ಚಪ್ಪಟೆ ಕನ್ನಡಿ, ಒಂದೊಂದೂ ಸುಮಾರು 60 ಸೆಂಟಿಮೀಟರ್ ಅಗಲ. ಒಂದು ಸೂರ್ಯನ ಹಿಂದೆಯೇ ನಿಧಾನಕ್ಕೆ ತಿರುಗುತ್ತದೆ. ಇನ್ನೊಂದು ಬೆಳಕನ್ನು ಕೆಳಕ್ಕೆ ತಳ್ಳುತ್ತದೆ. ಗೋಪುರದ ಬುಡದಲ್ಲಿ ಮೂರನೇ ಕನ್ನಡಿ ಅದನ್ನು ಅಡ್ಡಕ್ಕೆ ತಿರುಗಿಸಿ, ನೆಲದಡಿಯ 60 ಮೀಟರ್ ಉದ್ದದ ಸುರಂಗಕ್ಕೆ ಕಳಿಸುತ್ತದೆ. ಬಿಸಿಲಿಗೆ ಕಾದ ನೆಲದ ಮೇಲೆ ಗಾಳಿ ಕುಣಿಯುತ್ತದಲ್ಲ, ಟಾರು ರಸ್ತೆಯಲ್ಲಿ ಮಧ್ಯಾಹ್ನ ಕಾಣುವ ಹಾಗೆ? ಅದು ಚಿತ್ರ ಕೆಡಿಸುತ್ತದೆ. ಅದಕ್ಕೇ ಕನ್ನಡಿ ಮೇಲೆ, ಉಳಿದದ್ದು ನೆಲದೊಳಗೆ.

ಇನ್ನು ಲೆನ್ಸು. 38 ಸೆಂಟಿಮೀಟರ್ ಅಗಲ, ಎಫ್/90! ಅಂದರೆ ಬಿಂಬ ಮೂಡುವುದು ಲೆನ್ಸಿನ ಅಗಲದ ಸುಮಾರು ತೊಂಬತ್ತು ಪಟ್ಟು ದೂರದಲ್ಲಿ. ದೂರ ಹೆಚ್ಚಿದಷ್ಟೂ ಬಿಂಬ ದೊಡ್ಡದು. ನನ್ನ ಹತ್ತಿರ ಇರುವ ಲೆನ್ಸುಗಳು ಎಫ್/22ಕ್ಕೆ ಮುಗಿದುಹೋಗುತ್ತವೆ. ನನ್ನ 200 ಎಂಎಂ ಲೆನ್ಸಿನಲ್ಲಿ ಸೂರ್ಯನನ್ನು ಹಿಡಿದರೆ ಸೆನ್ಸಾರ್ ಮೇಲೆ ಬೀಳುವ ಬಿಂಬ 2 ಮಿಲಿಮೀಟರ್‌ಗೂ ಕಮ್ಮಿ. ಇಲ್ಲಿ ಬೀಳುವುದು 34 ಸೆಂಟಿಮೀಟರ್, ಊಟದ ತಟ್ಟೆಗಿಂತ ದೊಡ್ಡದು. 2019ರ ಡಿಸೆಂಬರ್ 26ರ ಗ್ರಹಣದ ದಿನ ನಮ್ಮ ಅಂಗಡಿ ಹುಡುಗ ಫಿಲ್ಟರ್ ಹಾಕದೆ ಕ್ಯಾಮೆರಾ ಎತ್ತಿ ಸೆನ್ಸಾರ್ ಸುಟ್ಟಿದ್ದ. ಹಾಗಾಗಿ ಇಷ್ಟು ದೊಡ್ಡ ಲೆನ್ಸಿನ ಮುಂದೆ ಹೋಗಲು ಒಳಗೊಳಗೇ ಭಯವಿತ್ತು. ಆದರೆ 38 ಸೆಂಟಿಮೀಟರ್ ಲೆನ್ಸಿನಲ್ಲಿ ಬಂದ ಬೆಳಕು ಹೆಚ್ಚುಕಡಿಮೆ ಅಷ್ಟೇ ಅಗಲಕ್ಕೆ ಹರಡಿಕೊಂಡಿರುತ್ತದೆ. ಜಗುಲಿಯ ಮೇಲೆ ಬಿಸಿಲು ಬಿದ್ದಂತೆ, ಅಷ್ಟೇ.

ಕತ್ತಲಲ್ಲಿ ಬಿಳಿ ತಟ್ಟೆಯಂತೆ ಸೂರ್ಯ ನಿಂತಿದ್ದ. ಅಂಚು ಸ್ವಲ್ಪ ಮಬ್ಬು, ನಡುವೆ ಹೊಳಪು ಜಾಸ್ತಿ. ಬಲಗಡೆ ಎರಡು ಕಪ್ಪು ಚುಕ್ಕೆ. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. "ಸಾರ್, ಲೆನ್ಸ್ ಮೇಲೆ ಧೂಳು ಕೂತಿದೆ" ಅಂದೆ. ತೋರಿಸುತ್ತಿದ್ದವರು ನಕ್ಕರು. ಏನೂ ಹೇಳದೆ ಕನ್ನಡಿಯನ್ನು ಕೂದಲೆಳೆಯಷ್ಟು ಸರಿಸಿದರು. ಸೂರ್ಯ ಸರಿದ, ಚುಕ್ಕೆಗಳೂ ಜೊತೆಗೇ ಸರಿದವು. ಧೂಳಾಗಿದ್ದರೆ ಇದ್ದಲ್ಲೇ ಇರುತ್ತಿತ್ತು. ಹತ್ತಿರ ಬಗ್ಗಿ ನೋಡಿದೆ. ನಡುವೆ ಕಾಡಿಗೆಯಂಥ ಕಪ್ಪು, ಸುತ್ತ ಬೂದು ಬಣ್ಣದ ಅಂಚು, ಅದರಲ್ಲಿ ಸಣ್ಣ ಸಣ್ಣ ಎಳೆ. ಸೌರಕಲೆ ಅಂದರೆ ಇದೇ, ಸೂರ್ಯನ ಮೈಮೇಲೆ ಸುತ್ತಲಿಗಿಂತ ತಂಪಾಗಿರುವ ಜಾಗ. "ಇದರಲ್ಲಿ ಭೂಮಿ ಎಷ್ಟು ದೊಡ್ಡದು ಅಂಕಲ್?" ಅಂತ ಒಬ್ಬಳು ನನ್ನನ್ನೇ ಕೇಳಿದಳು, ನಾನೇ ವಿಜ್ಞಾನಿ ಅನ್ನುವ ಹಾಗೆ. ಮೇಷ್ಟ್ರು ಲೆಕ್ಕ ಹಾಕಿ ಹೇಳಿದರು: 3 ಮಿಲಿಮೀಟರ್. ಸಾಸಿವೆಗಿಂತ ತುಸು ದೊಡ್ಡದು.

ಆ ಬೂದು ಅಂಚಿನಲ್ಲಿ ಅನಿಲ ನಡುವಿನಿಂದ ಹೊರಕ್ಕೆ ಹರಿಯುತ್ತದೆ ಅಂತ ಮೊದಲು ಕಂಡುಹಿಡಿದದ್ದು ಇದೇ ಬೆಟ್ಟದಲ್ಲಿ, 1909ರಲ್ಲಿ, ಇಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಜಾನ್ ಎವರ್‌ಶೆಡ್. ಆಗ ಈ ಸುರಂಗ ಇರಲಿಲ್ಲ, ಉಪಕರಣ ಬೇರೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳು ಕಲೆಯ ಹತ್ತಿರ ಒಂಚೂರು ಸರಿದಿದ್ದವು, ಅಷ್ಟರಿಂದಲೇ ಹಿಡಿದರು. ಈಗಲೂ ಅದಕ್ಕೆ ಅವರದೇ ಹೆಸರು.

ನನಗೆ ಹೊಟ್ಟೆಕಿಚ್ಚಾದದ್ದು ಮಾತ್ರ ನೆಗೆಟಿವ್‌ಗಳ ವಿಷಯದಲ್ಲಿ. 1904ರಿಂದ ಇಲ್ಲಿ ಮೋಡವಿಲ್ಲದ ದಿನವೆಲ್ಲ ಸೂರ್ಯನ ಫೋಟೋ ತೆಗೆಯುತ್ತಿದ್ದಾರೆ, ಮೊದಲು ಗಾಜಿನ ಪ್ಲೇಟಿನ ಮೇಲೆ, ಆಮೇಲೆ ಫಿಲ್ಮಿನಲ್ಲಿ, ಈಗ ಡಿಜಿಟಲ್. ಒಬ್ಬನೇ ಗಿರಾಕಿ, ನೂರಿಪ್ಪತ್ತು ವರ್ಷ! ಹಳೆಯದನ್ನೆಲ್ಲ ಸ್ಕ್ಯಾನ್ ಮಾಡಿಟ್ಟಿದ್ದಾರೆ. ಸುಮಾರು 11 ವರ್ಷಕ್ಕೊಮ್ಮೆ ಕಲೆಗಳು ಹೆಚ್ಚಾಗಿ ಕಡಿಮೆಯಾಗುವುದನ್ನು ಸಾಲಾಗಿ ನೋಡಬಹುದು. ನಮ್ಮ ಅಪ್ಪ ತೆಗೆದ ನೆಗೆಟಿವ್‌ಗಳು ನನ್ನ ಅಟ್ಟದ ಮೇಲೆಯೇ ಬೂಷ್ಟು ಹಿಡಿದು ಹೋದವು, ಮೂವತ್ತು ವರ್ಷವೂ ಬಾಳಲಿಲ್ಲ. ಇದನ್ನು ನಡೆಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇರುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ. ನನಗೆ ಅಲ್ಲಿ ಹೋದ ಮೇಲೇ ಗೊತ್ತಾದದ್ದು.

ಇದಕ್ಕಿಂತ ದೊಡ್ಡದು ಇಲ್ಲವೇ ಅಂದರೆ, ಇದೆ. ಹವಾಯಿಯ ಹಲೆಯಾಕಲಾ ಬೆಟ್ಟದ ಮೇಲಿನ ಟೆಲಿಸ್ಕೋಪಿನ ಕನ್ನಡಿ 4 ಮೀಟರ್ ಅಗಲ. ಅದರ ಮೇಲೆ ಬೀಳುವ ಬಿಸಿಲನ್ನು ತಡೆಯಲು ಕಿಲೋಮೀಟರ್‌ಗಟ್ಟಲೆ ಪೈಪಿನಲ್ಲಿ ತಣ್ಣೀರು ಓಡಿಸುತ್ತಾರೆ. ಅದು ತೆಗೆದ ಸೂರ್ಯನ ಮೇಲ್ಮೈಯ ಚಿತ್ರ 2020ರಲ್ಲಿ ಬಂದಿತ್ತು, ನೋಡಿದ್ದೇನೆ. ಆಲೆಮನೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಗುಳ್ಳೆ ಗುಳ್ಳೆಯಾಗಿ ಏಳುತ್ತದಲ್ಲ, ಥೇಟ್ ಹಾಗೇ. ಕೊಡೈಯಲ್ಲಿ ಅಷ್ಟು ಸಣ್ಣ ವಿವರವನ್ನು ನಿರೀಕ್ಷಿಸಬೇಡಿ. ಆದರೆ ಅಲ್ಲಿ ಫೋಟೋ, ಇಲ್ಲಿ ಸೂರ್ಯ ಖುದ್ದಾಗಿ ಬಂದು ಕೂರುತ್ತಾನೆ.

ಐದಕ್ಕೆ ಐದು ಕೊಡುತ್ತೇನೆ. ಬೆಳಿಗ್ಗೆಯೇ ಹೋಗಿ, ಹೊತ್ತೇರಿದಂತೆ ಮೋಡ ಕವಿಯುತ್ತದೆ. ಒಂದು ದಿನ ಎಕ್ಸ್‌ಟ್ರಾ ಇಟ್ಟುಕೊಳ್ಳಿ. ಗುಂಪಿನಲ್ಲಿ ಹೋಗುವುದಾದರೆ ಮೊದಲೇ ಬರೆದು ಕೇಳಿ. ಸ್ವೆಟರ್ ಮರೆಯಬೇಡಿ. ಡ್ರೈವರ್‌ಗೆ ಮೊದಲೇ ಟೀ ಕುಡಿಸಿಬಿಡಿ.

ಊರಿಗೆ ಬಂದು ಅವತ್ತಿನ ಸೂರ್ಯನನ್ನು ಅದೇ ಅಳತೆಗೆ, 34 ಸೆಂಟಿಮೀಟರ್‌ಗೆ, ಪ್ರಿಂಟ್ ಹಾಕಿ ಕೌಂಟರ್ ಹಿಂದೆ ತೂಗುಹಾಕಿದ್ದೇನೆ. ಮೊನ್ನೆ ಆಲ್ಬಮ್ ಒಯ್ಯಲು ಬಂದ ಅಜ್ಜಿ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಸೆರಗಿನ ತುದಿ ಹಿಡಿದು ಮುಂದೆ ಬಂದರು: "ಏನಪ್ಪಾ, ಫೋಟೋ ಮೇಲೆ ಎರಡು ಕಡೆ ಗಲೀಜು ಕೂತಿದೆ. ಒರೆಸ್ಲಾ?"