ಹಲ್ಲಿಗೂ ಫ್ಯಾನ್ ಬೇಕಾ? ಅಕ್ವೇರಿಯಂ ಕೂಲರ್ ಬಗ್ಗೆ ನನ್ನ ಅನುಭವ

ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಗಾಜಿನ ತೊಟ್ಟಿಯ ಅಂಚಿಗೆ ಸಿಗಿಸುವ, ಎರಡು ಪುಟ್ಟ ಫ್ಯಾನ್ ಇರುವ ಕೂಲರ್ ಇದು. 30 ಯೂರೋ ಒಳಗೆ ಸಿಕ್ಕಿತು. ಡಬ್ಬದ ಮೇಲೆ ಬಣ್ಣದ ಮೀನಿನ ಚಿತ್ರವಿದೆ. ನಾನು ತಂದದ್ದು ಮಾತ್ರ ಎರಡು ಮರಿ ನ್ಯೂಟ್‌ಗಳಿಗೆ.

ಇಟಾಲಿಯನ್ ಕ್ರೆಸ್ಟೆಡ್ ನ್ಯೂಟ್ ಅಂತಾರೆ. ಕಪ್ಪೆಯ ದೂರದ ನೆಂಟರು, ಬಾಲ ಇರುವವು. ಕಪ್ಪು ಮೈ, ಬೆನ್ನ ನಡುವೆ ಹಳದಿ ಗೆರೆ, ಕಿತ್ತಳೆ ಹೊಟ್ಟೆ. ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ "ಹಲ್ಲಿಗೂ ಫ್ಯಾನ್ ಬೇಕೇನೇ?" ಅಂದರು. ಬೇಕು! ನಾವಿರುವುದು ಮ್ಯೂನಿಕ್‌ನಲ್ಲಿ, ಮೇಲಿನ ಮಹಡಿಯಲ್ಲಿ, ಏಸಿ ಇಲ್ಲ. ಜುಲೈ ಮಧ್ಯಾಹ್ನ ಹಾಲ್ 30 ಡಿಗ್ರಿ ಮುಟ್ಟುತ್ತದೆ. ಇವಕ್ಕೆ ಹಿತವಾಗಿರುವುದು 20ರ ಆಸುಪಾಸು. ನೀರು 25 ದಾಟಿ ಹಾಗೇ ನಿಂತರೆ ಕಾಯಿಲೆ ಬೀಳಬಹುದು.

ಅಂದ ಹಾಗೆ, ಇವನ್ನು ಕೆರೆಯಿಂದ ಹಿಡಿದು ತರುವ ಹಾಗಿಲ್ಲ. ಯುರೋಪಿನ ಕಾನೂನು ಬಹಳ ಬಿಗಿ. ಮನೆಯಲ್ಲೇ ಮರಿ ಮಾಡಿಸಿದವರಿಂದ ತರಬೇಕು, ಮೂಲದ ಕಾಗದ ಇಟ್ಟುಕೊಳ್ಳಬೇಕು, ಇಲ್ಲಿನ ಪ್ರಕೃತಿ ರಕ್ಷಣೆಯ ಕಚೇರಿಗೂ ತಿಳಿಸಬೇಕು. ನಮಗೆ 'ಜೋಡಿ' ಅಂತಲೇ ಕೊಟ್ಟರು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಗಂಡೋ ಹೆಣ್ಣೋ ಯಾರು ಹೇಳ್ತಾರೆ? ದೊಡ್ಡದಾದ ಮೇಲೆ, ಮರಿ ಮಾಡುವ ಕಾಲಕ್ಕೆ, ಗಂಡಿನ ಬೆನ್ನ ಮೇಲೆ ಗರಗಸದ ಹಲ್ಲಿನ ಹಾಗೆ ಜುಟ್ಟು ಏಳುತ್ತದೆ. ಅಲ್ಲಿಯವರೆಗೆ ಕಾಯೋದೇ.

ಫ್ಯಾನಿಗೆ ಬರೋಣ. ಕೆಲಸ ಮಾಡುತ್ತದೆ. ಗಾಳಿ ನೀರಿನ ಮೇಲೆ ಹಾದು ಆವಿ ಎಬ್ಬಿಸುತ್ತದೆ, ನೀರು ತಣ್ಣಗಾಗುತ್ತದೆ. 27 ಇದ್ದದ್ದು ಸಂಜೆಗೆ 23.5ಕ್ಕೆ ಇಳಿಯಿತು. ಮಳೆಗೆ ಮುಂಚಿನ ಜಿಗುಟು ಸೆಕೆಯಲ್ಲಿ ಒಂದು ಡಿಗ್ರಿ ಇಳಿದರೆ ಹೆಚ್ಚು. ಮರಿಗಳು ಅಂತ ನಾನು ನೀರು ಒಂದು ಗೇಣು ಕೂಡ ಇಟ್ಟಿಲ್ಲ. ಕಡಿಮೆ ನೀರು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಅದಕ್ಕೇ ನನಗೆ ನೂರಾರು ಯೂರೋ ಕೊಟ್ಟು ಚಿಲ್ಲರ್ (ಫ್ರಿಜ್ ಹಾಗೆ ನೀರು ತಣಿಸುವ ಯಂತ್ರ) ತರುವ ಅಗತ್ಯ ಕಾಣಲಿಲ್ಲ.

ಡಬ್ಬದಲ್ಲಿ ಬರೆಯದ ಮೂರು ವಿಷಯ ಇದೆ. ಫ್ಯಾನ್ ಸಿಗಿಸಲು ಮುಚ್ಚಳ ತೆಗೆಯಬೇಕು. ಮೀನಾದರೆ ಸರಿ, ಒದ್ದೆ ಮರಿ ನ್ಯೂಟ್ ಗಾಜಿನ ಮೂಲೆ ಹಿಡಿದು ಸರಸರ ಹತ್ತಿಬಿಡುತ್ತದೆ. ನನ್ನವರು ಸೊಳ್ಳೆ ಪರದೆಯ ಬಲೆಯನ್ನು ಚೌಕಟ್ಟಿಗೆ ಬಿಗಿದು ಮುಚ್ಚಳ ಮಾಡಿಕೊಟ್ಟರು, ವೈರ್ ಹೋಗುವ ಸಂದಿಗೆ ಸ್ಪಂಜು ತುರುಕಿದ್ದೇವೆ. ಇನ್ನು, ಗಾಳಿ ನೀರಿನ ಮೇಲೆ ಮಾತ್ರ ಬೀಳಬೇಕು. ತೊಟ್ಟಿಯೊಳಗೇ ಪಾಚಿ ಹಾಸಿದ ನೆಲದ ಕಡೆ ತಿರುಗಿಸಿದರೆ ಪಾಚಿ ಒಣಗುತ್ತದೆ, ಅಲ್ಲಿ ಕೂತವರ ಚರ್ಮವೂ ಒಣಗುತ್ತದೆ. ಮತ್ತೆ, ನೀರು ಕಣ್ಣೆದುರೇ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿರುವ ಸುಣ್ಣ ಅಲ್ಲೇ ಉಳಿಯುತ್ತದೆ. ಮ್ಯೂನಿಕ್ ನಲ್ಲಿ ನೀರು ಮೊದಲೇ ಗಡಸು. ಕಡಿಮೆಯಾದಷ್ಟನ್ನು ಡಿಸ್ಟಿಲ್ಡ್ ವಾಟರ್ ಹಾಕಿ ತುಂಬಿಸುತ್ತೇನೆ.

ಸದ್ದು ಟೇಬಲ್ ಫ್ಯಾನಿಗಿಂತ ಕಡಿಮೆ, ಆದರೂ ಮಲಗುವ ಕೋಣೆಗೆ ಬೇಡ. ಒಂದು ಸ್ಟಾರ್ ಕಳೆದದ್ದು ಕ್ಲಿಪ್ಪಿಗೆ. ತೆಳು ಗಾಜಿಗೆ ಹಿಡಿತ ಸಿಗದೆ ಅಲ್ಲಾಡುತ್ತದೆ. ಹಳೇ ಸೈಕಲ್ ಟ್ಯೂಬಿನ ತುಂಡು ನಡುವೆ ಇಟ್ಟ ಮೇಲೆ ಗಟ್ಟಿಯಾಯಿತು. ನೀರಿನ ಬಿಸಿ ನೋಡಿ ಫ್ಯಾನನ್ನು ತಾನೇ ಹಾಕಿ ಆರಿಸುವ ಥರ್ಮೋಸ್ಟಾಟ್ ಇದರ ಜೊತೆ ಬರಲ್ಲ, ಬೇರೆ ಕೊಳ್ಳಬೇಕು. ಹಗಲು ಮನೆಯಲ್ಲಿ ಯಾರೂ ಇರದವರು ಎರಡನ್ನೂ ಒಟ್ಟಿಗೇ ತರಿಸಿಕೊಳ್ಳಿ.